ನಾಥಾನ್ ಹೋಗಿ ನಾರ್ಡ್‌ಪೋಲ್ ಬಂದದ್ದು

1933ರ ಮಾರ್ಚ್ 22ರಂದು ಜರ್ಮನಿಯ ಉತ್ತರದ ಬಂದರು ಊರು ರೊಸ್ಟೊಕ್‌ನ ಒಬ್ಬ ನಾಗರಿಕ ಅಂಚೆ ಇಲಾಖೆಗೆ ಒಂದು ಕಾರ್ಡು ಬರೆದ. ಟೆಲಿಫೋನಿನಲ್ಲಿ ಹೆಸರು ಹೇಳುವಾಗ ಅಕ್ಷರ ತಪ್ಪದಿರಲೆಂದು ಒಂದೊಂದು ಅಕ್ಷರಕ್ಕೆ ಒಂದೊಂದು ಹೆಸರು ಗೊತ್ತುಮಾಡಿದ ಪಟ್ಟಿ ಆಗ ಫೋನ್ ಡೈರೆಕ್ಟರಿಯಲ್ಲೇ ಅಚ್ಚಾಗುತ್ತಿತ್ತು. ‘ಡಿ’ಗೆ ಡೇವಿಡ್, ‘ಎನ್’ಗೆ ನಾಥಾನ್, ‘ಎಸ್’ಗೆ ಸಾಮ್ಯುಯೆಲ್, ‘ಜೆಡ್’ಗೆ ಜಕಾರಿಯಾಸ್. ದೇಶದಲ್ಲಿ ಇಷ್ಟು ದೊಡ್ಡ ಬದಲಾವಣೆ ಆಗಿರುವಾಗ ಈ ಯೆಹೂದಿ ಹೆಸರುಗಳನ್ನು ಇನ್ನೂ ಇಟ್ಟುಕೊಳ್ಳುವುದು ಸರಿಯಲ್ಲ, ತೆಗೆದು ಜರ್ಮನ್ ಹೆಸರು ಹಾಕಿ ಎನ್ನುವುದು ಕಾರ್ಡಿನ ತಾತ್ಪರ್ಯ.

ದಿನಾಂಕವನ್ನು ಸ್ವಲ್ಪ ಗಮನಿಸಬೇಕು. ಹಿಟ್ಲರ್ ಚಾನ್ಸಲರ್ ಆಗಿ ಎರಡು ತಿಂಗಳು ತುಂಬಿರಲಿಲ್ಲ. ಗೊಬೆಲ್ಸ್‌ನ ಪ್ರಚಾರ ಮಂತ್ರಾಲಯ ಹುಟ್ಟಿ ಒಂಬತ್ತು ದಿನವಾಗಿತ್ತು. ಸಂಸತ್ತು ತನ್ನ ಶಾಸನಾಧಿಕಾರವನ್ನು ಹಿಟ್ಲರನ ಸಂಪುಟಕ್ಕೆ ಒಪ್ಪಿಸಿಕೊಟ್ಟ ಕಾಯ್ದೆ ಪಾಸಾದದ್ದು ಮರುದಿನ, 444 ಮತ ಪರವಾಗಿ, 94 ವಿರೋಧವಾಗಿ. ಟೆಲಿಫೋನ್ ಪಟ್ಟಿಯ ಬಗ್ಗೆ ಯಾರೂ ಆದೇಶ ಹೊರಡಿಸಿರಲಿಲ್ಲ, ಯಾರೂ ಅಭಿಪ್ರಾಯ ಕೇಳಿರಲಿಲ್ಲ. ಅವನು ತಾನಾಗಿ ಬರೆದ. ಅಂಚೆ ಇಲಾಖೆ ಕಾರ್ಡನ್ನು ಕಸದ ಬುಟ್ಟಿಗೆ ಹಾಕದೆ ಮೇಲಕ್ಕೆ ಕಳಿಸಿತು. 1934ರ ಪಟ್ಟಿಯಲ್ಲಿ ಡೇವಿಡ್ ಜಾಗಕ್ಕೆ ಡೋರಾ ಬಂದಳು, ಸಾಮ್ಯುಯೆಲ್ ಜಾಗಕ್ಕೆ ಸೀಗ್‌ಫ್ರೀಡ್, ಜಕಾರಿಯಾಸ್ ಜಾಗಕ್ಕೆ ಜೆಪೆಲಿನ್. ನಾಥಾನ್ ಹೋಗಿ ನಾರ್ಡ್‌ಪೋಲ್ ಬಂತು, ಅಂದರೆ ಉತ್ತರ ಧ್ರುವ.

ಸರ್ವಾಧಿಕಾರ ಎಂದ ಕೂಡಲೆ ಕಣ್ಣ ಮುಂದೆ ಬರುವುದು ಮೈದಾನ ತುಂಬಿದ ಜನ, ಸಾಲು ಬಾವುಟ, ಗಂಟಲು ಹರಿಯುವ ಭಾಷಣ. ಅವೆಲ್ಲ ಇದ್ದವು, ಅವುಗಳ ಪ್ರಭಾವವೂ ಇತ್ತು. ಆದರೆ ಸಮಾಜದ ಕಟ್ಟು ಬದಲಾದದ್ದು ಹೇಗೆ ಎಂದು ದಾಖಲೆಗಳನ್ನು ಹಿಡಿದು ನೋಡುತ್ತ ಹೋದರೆ ಕಾಣುವುದು ಹೆಚ್ಚಾಗಿ ಇಂಥ ಕಾರ್ಡುಗಳೇ. ಪ್ರಚಾರ ಎಂದರೆ ಜನರನ್ನು ನಂಬಿಸುವುದು ಎಂದಷ್ಟೇ ತಿಳಿದರೆ ನಾಜಿ ಜರ್ಮನಿ ಅರ್ಧ ಮಾತ್ರ ಅರ್ಥವಾಗುತ್ತದೆ. ಆ ವ್ಯವಸ್ಥೆ ಪ್ರತಿಯೊಬ್ಬರ ಕೈಗೂ ಒಂದು ಸಣ್ಣ ಕೆಲಸ ಕೊಟ್ಟಿತು: ಒಂದು ಸಹಿ, ಒಂದು ಕಾಸು, ಒಂದು ದೃಢೀಕರಣ ಪತ್ರ, ಕೈಯೆತ್ತಿ ಒಂದು ನಮಸ್ಕಾರ. ಕೈ ಮೊದಲು ಮಾಡಿಬಿಡುತ್ತಿತ್ತು, ಮನಸ್ಸು ಆಮೇಲೆ ಅದಕ್ಕೊಂದು ಸಮಜಾಯಿಷಿ ಹುಡುಕಿಕೊಳ್ಳುತ್ತಿತ್ತು. ನಂಬದವನೂ ಮಾಡುತ್ತಿದ್ದ, ಮಾಡಿದವನಿಗೆ ನಂಬದೆ ಇರುವುದು ದಿನೇ ದಿನೇ ಕಷ್ಟವಾಗುತ್ತಿತ್ತು.

ಮೇಲಿನಿಂದ ಬಿದ್ದ ಏಟುಗಳ ಕಥೆ ಬಹಳ ಜನಕ್ಕೆ ಗೊತ್ತಿರುವುದೇ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಮರುದಿನವೇ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು ಎಲ್ಲವನ್ನೂ ಅಮಾನತಿನಲ್ಲಿಟ್ಟ ಸುಗ್ರೀವಾಜ್ಞೆ ಬಂತು. ಮೇ 2ರಂದು ಕಾರ್ಮಿಕ ಸಂಘಗಳ ಕಚೇರಿಗಳು ವಶವಾದವು. ಜುಲೈ 14ಕ್ಕೆ ನಾಜಿ ಪಕ್ಷ ಬಿಟ್ಟು ಬೇರೆ ಪಕ್ಷವೇ ಕಾನೂನುಬಾಹಿರ. ಆರು ತಿಂಗಳೊಳಗೆ ಮುಗಿದುಹೋದ ಕೆಲಸ. ಭಯ ಇತ್ತು, ಜೈಲು ಇತ್ತು, ಮಾರ್ಚ್‌ನಲ್ಲೇ ಡಾಖಾವ್ ಸೆರೆಶಿಬಿರ ತೆರೆದಿತ್ತು. ಈ ಭಯವನ್ನು ಮರೆತು ಉಳಿದದ್ದನ್ನು ಹೇಳಿದರೆ ತಪ್ಪಾಗುತ್ತದೆ. ಆದರೆ ಭಯ ಬಾಯಿ ಮುಚ್ಚಿಸಬಲ್ಲದು, ರೊಸ್ಟೊಕ್‌ನ ಕಾರ್ಡನ್ನು ಬರೆಸಲಾರದು.

ಎಲ್ಲಕ್ಕಿಂತ ಹೆಚ್ಚು ಜನರ ಕೈಯನ್ನು ಒಳಕ್ಕೆಳೆದುಕೊಂಡ ಸಾಧನ ಯಾವುದು ಎಂದು ಕೇಳಿದರೆ, ನನ್ನ ಉತ್ತರ ವಂಶದ ಪುರಾವೆ. 1933ರ ಏಪ್ರಿಲ್ 7ರ ಕಾಯ್ದೆ ‘ಆರ್ಯ’ರಲ್ಲದವರನ್ನು ಸರ್ಕಾರಿ ನೌಕರಿಯಿಂದ ತೆಗೆಯಲು ಹೇಳಿತು. ನಾಲ್ಕು ದಿನದ ನಂತರ ಬಂದ ನಿಯಮದ ಪ್ರಕಾರ ಅಜ್ಜ ಅಜ್ಜಿಯರಲ್ಲಿ ಒಬ್ಬರು ಯೆಹೂದಿಯಾಗಿದ್ದರೂ ಸಾಕು. ಆಮೇಲೆ ಇದು ವಕೀಲರಿಗೆ, ವೈದ್ಯರಿಗೆ, ಪತ್ರಕರ್ತರಿಗೆ, ವಿದ್ಯಾರ್ಥಿಗಳಿಗೆ ಹಬ್ಬಿತು. ಪುರಾವೆಗೆ ಬೇಕಾದ ಕಾಗದ ಇಷ್ಟು: ತನ್ನದು, ತಂದೆ ತಾಯಿಯದು, ನಾಲ್ವರು ಅಜ್ಜ ಅಜ್ಜಿಯರದು ಸೇರಿ ಏಳು ಜನನದ ಅಥವಾ ದೀಕ್ಷಾಸ್ನಾನದ ಪತ್ರ, ಜೊತೆಗೆ ತಂದೆ ತಾಯಿಯ ಮತ್ತು ಎರಡೂ ಕಡೆಯ ಅಜ್ಜ ಅಜ್ಜಿಯರ ಮೂರು ಮದುವೆ ಪತ್ರ. ಒಟ್ಟು ಹತ್ತು.

ಆ ಹತ್ತು ಕಾಗದ ಕೂಡಿಸುವುದೆಂದರೆ ಏನು? ಅಜ್ಜಿ ಹುಟ್ಟಿದ ಹಳ್ಳಿಯ ಚರ್ಚಿಗೆ ಕಾಗದ ಬರೆಯಬೇಕು. ಪಾದ್ರಿ ಹಳೆಯ ರಿಜಿಸ್ಟರ್ ತೆಗೆದು, ಕೈಬರಹದ ಸಾಲು ಹುಡುಕಿ, ನಕಲು ಮಾಡಿ, ಮೊಹರು ಒತ್ತಿ, ಶುಲ್ಕ ತೆಗೆದುಕೊಂಡು ಕಳಿಸಬೇಕು. ಅದನ್ನೆಲ್ಲ ಅಂಟಿಸಿ ದೃಢೀಕರಿಸಿಕೊಳ್ಳಲು ‘ಪೂರ್ವಜರ ಪಾಸ್‌ಪುಸ್ತಕ’ ಅಂಗಡಿಯಲ್ಲಿ ಸಿಗುತ್ತಿತ್ತು. ಈ ಕೆಲಸದಲ್ಲಿ ಯಾರೂ ಯಾರನ್ನೂ ಹೊಡೆಯಲಿಲ್ಲ. ಪಾದ್ರಿ ತನ್ನ ಕರ್ತವ್ಯ ಮಾಡಿದ, ಗುಮಾಸ್ತ ತನ್ನ ಕರ್ತವ್ಯ ಮಾಡಿದ, ಅರ್ಜಿದಾರ ನೌಕರಿ ಉಳಿಸಿಕೊಂಡ. ಆದರೆ ಹತ್ತನೆಯ ಕಾಗದ ಕೈಗೆ ಬರುವ ಹೊತ್ತಿಗೆ ಅವನು ತನ್ನ ಬಗ್ಗೆಯೇ ಒಂದು ಪ್ರಶ್ನೆ ಕೇಳಿಕೊಂಡು, ಉತ್ತರ ಸಿಕ್ಕ ನೆಮ್ಮದಿಯನ್ನೂ ಅನುಭವಿಸಿರುತ್ತಿದ್ದ. ಆ ನೆಮ್ಮದಿಯೇ ವಿಷ. ಪಕ್ಕದ ಮೇಜಿನವನಿಗೆ ಆ ಕಾಗದ ಸಿಗದೆ ಅವನ ಕುರ್ಚಿ ಖಾಲಿಯಾದಾಗ, ಇವನ ಮಟ್ಟಿಗೆ ಅದು ಅನ್ಯಾಯವಾಗಿ ಉಳಿಯದೆ ಒಂದು ದಾಖಲೆಯ ಕೊರತೆ ಆಗಿಬಿಡುತ್ತಿತ್ತು.

ಇದರ ಒಳಗೇ ಆ ಸಿದ್ಧಾಂತದ ಟೊಳ್ಳೂ ಕಾಣುತ್ತದೆ. ‘ರಕ್ತ’, ‘ಜನಾಂಗ’ ಎಂದು ಅಷ್ಟು ಕೂಗಿದವರಿಗೆ ರಕ್ತದಲ್ಲಿ ಯೆಹೂದಿತನವನ್ನು ಅಳೆಯುವ ಯಾವ ವಿಧಾನವೂ ಇರಲಿಲ್ಲ. ಹಾಗಾಗಿ ಯೆಹೂದಿಗಳ ಪೌರತ್ವ ಕಿತ್ತುಕೊಂಡ 1935ರ ಸೆಪ್ಟೆಂಬರ್ 15ರ ನ್ಯೂರೆಂಬರ್ಗ್ ಕಾನೂನುಗಳ ನಂತರವೂ ಅಜ್ಜ ಅಜ್ಜಿ ಯಾವ ಧರ್ಮದ ಸಭೆಗೆ ಸೇರಿದ್ದರು ಎನ್ನುವುದನ್ನೇ ನೋಡಿ ‘ಜನಾಂಗ’ ತೀರ್ಮಾನ ಮಾಡಿದರು. ವಿಜ್ಞಾನದ ಹೆಸರಿನಲ್ಲಿ ನಡೆದದ್ದು ಚರ್ಚಿನ ಲೆಕ್ಕದ ಪುಸ್ತಕದ ಕೆಲಸ.

ನಮಸ್ಕಾರದ ವಿಷಯ ಬೇಗ ಹೇಳಿ ಮುಗಿಸಬಹುದು. 1933ರ ಜುಲೈನಲ್ಲಿ ಗೃಹಮಂತ್ರಿ ಫ್ರಿಕ್ ಸರ್ಕಾರಿ ನೌಕರರಿಗೆ ಕೈಚಾಚಿದ ನಮಸ್ಕಾರ ಕಡ್ಡಾಯ ಮಾಡಿದ. ಬಲಗೈ ಎತ್ತಲಾಗದ ಅಂಗವಿಕಲರು ಎಡಗೈ ಎತ್ತಬೇಕು ಎಂಬುದನ್ನೂ ಆದೇಶದಲ್ಲಿ ಬರೆದಿದ್ದರು. ತರಗತಿ ಶುರುವಾಗುವಾಗ ಒಮ್ಮೆ, ಮುಗಿಯುವಾಗ ಒಮ್ಮೆ. ದಿನಕ್ಕೆ ಎಷ್ಟು ಸಲ ಕೈ ಮೇಲೇಳುತ್ತಿತ್ತು ಎಂದು ಲೆಕ್ಕ ಹಾಕಿದರೆ ಸಾಕು. ಒಳಗೆ ಏನೇ ಇರಲಿ, ಎದುರಿಗಿದ್ದವನಿಗೆ ಕಾಣುತ್ತಿದ್ದದ್ದು ಎತ್ತಿದ ಕೈ ಮಾತ್ರ. ಹತ್ತು ಜನ ಒಲ್ಲದ ಮನಸ್ಸಿನಿಂದ ಕೈಯೆತ್ತಿದರೂ ಪ್ರತಿಯೊಬ್ಬನಿಗೂ ಉಳಿದ ಒಂಬತ್ತು ಜನ ಭಕ್ತರಂತೆಯೇ ಕಾಣುತ್ತಾರೆ. ಒಂಟಿತನ ಹುಟ್ಟಿಸುವುದಕ್ಕೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಇನ್ನು ಡಬ್ಬಿ ಮತ್ತು ಪಾತ್ರೆ. 1933ರ ಚಳಿಗಾಲದಲ್ಲಿ ‘ಚಳಿಗಾಲದ ನೆರವು’ ಎಂಬ ನಿಧಿ ಸಂಗ್ರಹ ಶುರುವಾಯಿತು. ಉದ್ದೇಶ ಕೇಳುವುದಕ್ಕೆ ಒಳ್ಳೆಯದೇ: ಬಡವರಿಗೆ ಕಲ್ಲಿದ್ದಲು, ಊಟ, ಬಟ್ಟೆ. ಬೀದಿಯಲ್ಲಿ ಡಬ್ಬಿ ಅಲ್ಲಾಡಿಸುವ ಸ್ವಯಂಸೇವಕರು, 20 ಪ್ಫೆನಿಗ್ (ನೂರು ಪ್ಫೆನಿಗ್‌ಗೆ ಒಂದು ಮಾರ್ಕ್) ಹಾಕಿದರೆ ಕೋಟಿಗೆ ಚುಚ್ಚಿಕೊಳ್ಳಲು ಒಂದು ಪುಟ್ಟ ಬ್ಯಾಡ್ಜ್. ಪ್ರತಿ ಸಲ ಬೇರೆ ಬೇರೆ ಬ್ಯಾಡ್ಜ್ ಬರುತ್ತಿದ್ದರಿಂದ ಮಕ್ಕಳು ಪೂರ್ತಿ ಸೆಟ್ ಕೂಡಿಸಲು ಅಪ್ಪ ಅಮ್ಮನ ಬೆನ್ನು ಬೀಳುತ್ತಿದ್ದರು. ತಿಂಗಳ ದೇಣಿಗೆ ಕೊಟ್ಟವರ ಮನೆ ಬಾಗಿಲಿಗೆ ಅಂಟಿಸಲು ಒಂದು ಫಲಕ ಸಿಗುತ್ತಿತ್ತು. ಯಾರ ಬಾಗಿಲಿನಲ್ಲಿ ಫಲಕ ಇಲ್ಲ ಎನ್ನುವುದು ಇಡೀ ಮೆಟ್ಟಿಲಸಾಲಿಗೆ ಕಾಣುತ್ತಿತ್ತು.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಂದು ಭಾನುವಾರ ‘ಒಂದೇ ಪಾತ್ರೆಯ ಊಟ’. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಒಬ್ಬರಿಗೆ 50 ಪ್ಫೆನಿಗ್ ಮೀರದಂತೆ ಊಟ ಮಾಡಿ, ಮಾಮೂಲಿ ಭಾನುವಾರದ ಊಟಕ್ಕೆ ಹೋಲಿಸಿ ಉಳಿದ ದುಡ್ಡನ್ನು ಬಾಗಿಲಿಗೆ ಬರುವವನಿಗೆ ಕೊಡಬೇಕು. ಹೋಟೆಲುಗಳೂ ಆ ದಿನ ಅದನ್ನೇ ಬಡಿಸಬೇಕು. ಬಾಗಿಲಿಗೆ ಬರುವವನು ಸಾಮಾನ್ಯವಾಗಿ ಪಕ್ಷದ ಬ್ಲಾಕ್ ಮುಖ್ಯಸ್ಥ. 40ರಿಂದ 60 ಮನೆಗಳು ಅವನ ಪಾಲಿಗೆ. ದೇಣಿಗೆ ಕೇಳುವ ನೆಪದಲ್ಲಿ ಬಾಗಿಲು ತೆರೆಸಿ, ಯಾರು ಹಬ್ಬದ ದಿನ ಬಾವುಟ ಕಟ್ಟುತ್ತಾರೆ, ಯಾವ ಪತ್ರಿಕೆ ತರಿಸುತ್ತಾರೆ, ಏನು ಮಾತಾಡುತ್ತಾರೆ ಎಂದು ತಿಳಿದುಕೊಂಡು ಮನೆಗೊಂದು ಕಾರ್ಡಿನಂತೆ ಬರೆದಿಡುತ್ತಿದ್ದ. ನೌಕರಿಗೋ ಬಡ್ತಿಗೋ ಅರ್ಜಿ ಹಾಕಿದರೆ ಪಕ್ಷದ ಅಭಿಪ್ರಾಯ ಕೇಳಿ ಬರುತ್ತಿದ್ದದ್ದು ಕೊನೆಗೆ ಇಂಥವನ ಬಳಿಗೇ. ದಾನ, ಗೂಢಚಾರಿಕೆ, ನೆರೆಹೊರೆ ಮೂರೂ ಒಂದೇ ಪಾತ್ರೆಯಲ್ಲಿ ಬೆಂದವು.

ಜನ ಗೊಣಗುತ್ತಿರಲಿಲ್ಲವೇ? ಧಾರಾಳವಾಗಿ ಗೊಣಗುತ್ತಿದ್ದರು. ದೇಶಬಿಟ್ಟ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದವರು 1934ರಿಂದ 1940ರವರೆಗೆ, ಮೊದಲು ಪ್ರಾಗ್‌ನಿಂದ, ಆಮೇಲೆ ಪ್ಯಾರಿಸ್‌ನಿಂದ, ಒಳಗಿನ ಸುದ್ದಿ ತರಿಸಿ ವರದಿ ಮಾಡುತ್ತಿದ್ದರು. ಸಂಬಳ, ಬೆಣ್ಣೆ, ಡಬ್ಬಿ ಹಿಡಿದವರ ಕಾಟ, ಸ್ಥಳೀಯ ಪುಢಾರಿಗಳ ದರ್ಪ ಎಲ್ಲದರ ಮೇಲೂ ದೂರುಗಳು ಅದರಲ್ಲಿವೆ. ಆದರೆ ಗೊಣಗಿದವರೇ ಮಾರನೆಯ ಭಾನುವಾರ ಡಬ್ಬಿಗೆ ಕಾಸು ಹಾಕಿದ್ದಾರೆ. ಕೆಟ್ಟದ್ದೆಲ್ಲ ಕೆಳಗಿನವರ ತಲೆಗೆ, ಒಳ್ಳೆಯದೆಲ್ಲ ನಾಯಕನ ಖಾತೆಗೆ. ‘ಫ್ಯೂರರ್‌ಗೆ ಇದು ಗೊತ್ತಿದ್ದರೆ ಬಿಡುತ್ತಿದ್ದರೇ?’ ಎನ್ನುವ ಮಾತು ಗೊಣಗಾಟದ ಜೊತೆಗೇ ಹರಿದಾಡುತ್ತಿತ್ತು. ಗೊಣಗಾಟವನ್ನು ಪ್ರತಿರೋಧ ಎಂದು ಎಣಿಸುವವರು ಇದನ್ನು ಗಮನಿಸಬೇಕು.

ರೇಡಿಯೊ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಗಟ್ಟಿಯಾಗಿ ನಿಂತಿದೆ. 1933ರ ಆಗಸ್ಟ್‌ನಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಬಂದ ‘ಜನರ ರೇಡಿಯೊ’ದ ಮಾದರಿ ಸಂಖ್ಯೆ 301. ಹಿಟ್ಲರ್ ಅಧಿಕಾರಕ್ಕೆ ಬಂದ ಜನವರಿ 30ರ ನೆನಪಿಗೆ ಇಟ್ಟದ್ದು. ಬೆಲೆ 76 ಮಾರ್ಕ್. 1938ರಲ್ಲಿ 35 ಮಾರ್ಕ್‌ಗೆ ಇನ್ನೂ ಸಣ್ಣ ಪೆಟ್ಟಿಗೆ ಬಂತು. ಯುದ್ಧ ಶುರುವಾಗುವ ಹೊತ್ತಿಗೆ ಸುಮಾರು ನೂರಕ್ಕೆ 70 ಮನೆಗಳಲ್ಲಿ ರೇಡಿಯೊ ಇತ್ತು. ಈ ಸೆಟ್ಟಿನಲ್ಲಿ ಹೊರದೇಶದ ಕೇಂದ್ರ ಹಿಡಿಯದಂತೆ ಮಾಡಿದ್ದರು ಎನ್ನುತ್ತಾರೆ. ಹಾಗಿರಲಿಲ್ಲ. ಶಾರ್ಟ್‌ವೇವ್ ಇರಲಿಲ್ಲ, ಸೂಕ್ಷ್ಮತೆ ಕಡಿಮೆ, ನಿಜ. ಆದರೆ ಉದ್ದನೆಯ ತಂತಿಯನ್ನು ಆಂಟೆನಾ ಮಾಡಿ ಕಟ್ಟಿದರೆ ರಾತ್ರಿ ಹೊತ್ತು ಮೀಡಿಯಂ ವೇವ್‌ನಲ್ಲಿ ದೂರದ ಕೇಂದ್ರಗಳು ಸಿಗುತ್ತಿದ್ದವು. 1938ರ ಸೆಪ್ಟೆಂಬರ್‌ನಿಂದ ಬಿಬಿಸಿ ಜರ್ಮನ್ ಭಾಷೆಯಲ್ಲಿ ಮಾತಾಡುತ್ತಿತ್ತು. ಅದಕ್ಕೇ 1939ರ ಸೆಪ್ಟೆಂಬರ್ 1ರಂದು ಹೊರದೇಶದ ರೇಡಿಯೊ ಕೇಳುವುದನ್ನೇ ಅಪರಾಧ ಮಾಡಬೇಕಾಯಿತು. ಕೇಳಿದರೆ ಸೆರೆಮನೆ, ಕೇಳಿದ್ದನ್ನು ಹರಡಿದರೆ ಗಂಭೀರ ಪ್ರಕರಣಗಳಲ್ಲಿ ಮರಣದಂಡನೆ. ಆ ಎಚ್ಚರಿಕೆ ಅಚ್ಚಾಗಿದ್ದ, ನಡುವೆ ತೂತಿದ್ದ ಒಂದು ಸಣ್ಣ ಕಾರ್ಡನ್ನು ರೇಡಿಯೊದ ತಿರುಗಣೆಗೆ ಸಿಕ್ಕಿಸುತ್ತಿದ್ದರು. ಅಲೆಗಳನ್ನು ತಡೆಯಲಾಗಲಿಲ್ಲ, ಬೆರಳನ್ನು ತಡೆದರು.

ರೇಡಿಯೊದಲ್ಲಿ ಏನು ಕೆಡುತ್ತದೆ ಎನ್ನುವುದು ಗೊಬೆಲ್ಸ್‌ಗೆ ಬೇಗ ತಿಳಿಯಿತು. ಮೊದಲ ವಾರಗಳಲ್ಲಿ ಭಾಷಣದ ಮೇಲೆ ಭಾಷಣ. 1933ರ ಮಾರ್ಚ್ 25ರಂದೇ ರೇಡಿಯೊ ಕೇಂದ್ರಗಳ ಮುಖ್ಯಸ್ಥರನ್ನು ಕೂರಿಸಿಕೊಂಡು, ಬೇರೆ ಏನು ಬೇಕಾದರೂ ಆಗಲಿ, ಬೇಸರ ಹುಟ್ಟಿಸಬೇಡಿ ಎಂದ. ಆಮೇಲೆ ಹೆಚ್ಚು ಹೊತ್ತು ಸಂಗೀತ, ಹಾಸ್ಯ, ಕೇಳುಗರ ಕೋರಿಕೆಯ ಹಾಡು, ನಡುನಡುವೆ ಸುದ್ದಿ. ಸಿನಿಮಾದಲ್ಲೂ ಇದೇ ಪಾಠ. 1940ರಲ್ಲಿ ಯೆಹೂದಿಗಳ ವಿರುದ್ಧ ಎರಡು ದೊಡ್ಡ ಚಿತ್ರ ಬಂದವು. ಪ್ರೇಮ, ದ್ರೋಹ, ಕಣ್ಣೀರು ಇದ್ದ ಕಥಾಚಿತ್ರವನ್ನು 2 ಕೋಟಿಗೂ ಹೆಚ್ಚು ಜನ ನೋಡಿದರು. ಸಾಕ್ಷ್ಯಚಿತ್ರದ ವೇಷದಲ್ಲಿ ಬರೀ ದ್ವೇಷವನ್ನೇ ಸುರಿದ ಇನ್ನೊಂದು ಚಿತ್ರಕ್ಕೆ ಜನ ಬರಲಿಲ್ಲ.

ಪ್ರಚಾರ ಎಲ್ಲೆಡೆ ಒಂದೇ ರೀತಿ ನಾಟಲಿಲ್ಲ ಎನ್ನುವುದಕ್ಕೂ ಪುರಾವೆ ಇದೆ. ರೇಡಿಯೊ ಪ್ರಸಾರ ಎಲ್ಲಿ ಎಷ್ಟು ಚೆನ್ನಾಗಿ ಕೇಳುತ್ತಿತ್ತು ಎನ್ನುವುದನ್ನು ಊರೂರಿನ ಅಂಕಿಅಂಶದ ಜೊತೆ ಇಟ್ಟು ನೋಡಿದ ಅರ್ಥಶಾಸ್ತ್ರಜ್ಞರ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಯೆಹೂದಿ ದ್ವೇಷ ಹಿಂದಿನಿಂದಲೂ ಇದ್ದ ಊರುಗಳಲ್ಲಿ ನಾಜಿ ರೇಡಿಯೊ ಅದನ್ನು ಇನ್ನಷ್ಟು ಉರಿಸಿತ್ತು. ಅಂಥ ಹಿನ್ನೆಲೆ ಕಡಿಮೆ ಇದ್ದ ಕಡೆ ಅದೇ ಪ್ರಸಾರ ತಿರುಗುಬಾಣವಾಗಿತ್ತು. ಸರ್ವಾಧಿಕಾರಿಯ ಪ್ರಚಾರ ದ್ವೇಷವನ್ನು ಬರಿ ನೆಲದಲ್ಲಿ ಬೆಳೆಯುವುದು ಅಪರೂಪ, ಹದವಾಗಿ ಬಿದ್ದಿದ್ದ ಬೀಜಕ್ಕೆ ನೀರು ಹಾಕುತ್ತದೆ.

ಪತ್ರಿಕೆಗಳ ವಿಷಯದಲ್ಲಿ ಸೆನ್ಸಾರ್ ಕಚೇರಿಗಿಂತ ಚುರುಕಾದ ಏರ್ಪಾಡು ಮಾಡಿದರು. 1933ರ ಅಕ್ಟೋಬರ್ 4ರ ಸಂಪಾದಕರ ಕಾಯ್ದೆ ಪತ್ರಕರ್ತನನ್ನು ಮಾಲೀಕನ ಕೈಯಿಂದ ಬಿಡಿಸಿ ಸರ್ಕಾರಕ್ಕೆ ನೇರ ಹೊಣೆಗಾರ ಮಾಡಿತು. ನೋಂದಣಿಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಕೆಲಸ. ಯೆಹೂದಿಯಾಗಿರಬಾರದು, ಯೆಹೂದಿಯನ್ನು ಮದುವೆಯಾಗಿರಬಾರದು. ಬರೆದದ್ದಕ್ಕೆ ಬರೆದವನೇ ಜವಾಬ್ದಾರ, ಆದ್ದರಿಂದ ಕತ್ತರಿ ಪ್ರತಿಯೊಬ್ಬನ ತಲೆಯೊಳಗೇ ಕೂತಿತು. ಬರ್ಲಿನ್‌ನಲ್ಲಿ ದಿನಾ ನಡೆಯುತ್ತಿದ್ದ ಪತ್ರಿಕಾಗೋಷ್ಠಿಯಲ್ಲಿ ಯಾವ ಸುದ್ದಿ ಮೊದಲ ಪುಟಕ್ಕೆ, ಯಾವುದು ಒಳಪುಟಕ್ಕೆ, ಯಾವುದು ಬೇಡವೇ ಬೇಡ, ಯಾವ ಪದ ಬಳಸಬೇಕು ಎಂದು ಹೇಳಿಕಳಿಸುತ್ತಿದ್ದರು. ಟಿಪ್ಪಣಿಗಳನ್ನು ನಾಶಮಾಡಬೇಕೆಂಬ ಕಟ್ಟಪ್ಪಣೆ ಇತ್ತು. ಪತ್ರಕರ್ತ ಫ್ರಿಟ್ಸ್ ಸೆಂಗರ್‌ನಂಥ ಕೆಲವರು ಜೀವದ ಹಂಗು ತೊರೆದು ಅವನ್ನು ಮುಚ್ಚಿಟ್ಟಿದ್ದರಿಂದ ನಮಗೆ ಇದೆಲ್ಲ ಗೊತ್ತು. ಪರಿಣಾಮ ಏನಾಯಿತೆಂದರೆ, ಎಲ್ಲ ಪತ್ರಿಕೆಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಾದವು. ಆ ಏಕತಾನತೆಯ ಬಗ್ಗೆ ಗೊಬೆಲ್ಸ್‌ನೇ ದೂರಿದ. 1933ರ ಸುಮಾರಿಗೆ 4,700 ಇದ್ದ ದಿನಪತ್ರಿಕೆಗಳು 1944ಕ್ಕೆ ಸಾವಿರಕ್ಕಿಂತ ಕಡಿಮೆ.

ಈಗ ಶಾಲೆಗೆ ಬರೋಣ. ಜನಾಂಗ ಪಾಠ, ತಿರುಚಿದ ಇತಿಹಾಸ ಇವು ಎಲ್ಲರಿಗೂ ತಿಳಿದವು. 1934ರಿಂದ 1936ರವರೆಗೆ ನಡೆದ ಒಂದು ಶನಿವಾರದ ಏರ್ಪಾಡು ಅಷ್ಟು ಪ್ರಸಿದ್ಧವಲ್ಲ. ಹಿಟ್ಲರನ ಯುವದಳ ಸೇರಿದ ಮಕ್ಕಳಿಗೆ ಶನಿವಾರ ಶಾಲೆ ಇಲ್ಲ, ಹೊರಗೆ ಆಟ, ನಡಿಗೆ, ಶಿಬಿರ. ಸೇರದವರು ತರಗತಿಯಲ್ಲಿ ಕೂತು ಅದೇ ಸಿದ್ಧಾಂತದ ಪಾಠ ಕೇಳಬೇಕು. ಸದಸ್ಯತ್ವ ಇನ್ನೂ ಕಾನೂನಿನಿಂದ ಕಡ್ಡಾಯವಾಗಿರಲಿಲ್ಲ, ಅದಾದದ್ದು 1939ರಲ್ಲಿ. ಆದರೆ ಹತ್ತು ವರ್ಷದ ಹುಡುಗ ಖಾಲಿ ಬೆಂಚುಗಳ ನಡುವೆ ಕೂತು ಕಿಟಕಿಯಾಚೆ ಗೆಳೆಯರ ಕೇಕೆ ಕೇಳುವಾಗ ಮನೆಯಲ್ಲಿ ಎಷ್ಟು ದಿನ ಸುಮ್ಮನಿರುತ್ತಾನೆ? 1933ರ ಆರಂಭದಲ್ಲಿ ಸುಮಾರು ಒಂದು ಲಕ್ಷವಿದ್ದ ಯುವದಳ 1936ರ ಕೊನೆಗೆ 54 ಲಕ್ಷ. ಶನಿವಾರಗಳು ಹೋಗಿ ಓದು ಹಾಳಾಯಿತೆಂದು ಏರ್ಪಾಡನ್ನು ನಿಲ್ಲಿಸಿದ ಹೊತ್ತಿಗೆ ಅದರ ಕೆಲಸ ಮುಗಿದಿತ್ತು.

ಅದೇ ಕಾಲದ ಶಾಲಾ ಗಣಿತ ಪುಸ್ತಕವೊಂದರ ಲೆಕ್ಕ ನೋಡಿ. ಒಂದು ಮಾನಸಿಕ ಆಸ್ಪತ್ರೆ ಕಟ್ಟಲು 60 ಲಕ್ಷ ಮಾರ್ಕ್ ಖರ್ಚಾಯಿತು. ಒಂದು ಮನೆಗೆ 15,000 ಮಾರ್ಕ್‌ನಂತೆ ಆ ಹಣದಲ್ಲಿ ಎಷ್ಟು ಮನೆ ಕಟ್ಟಬಹುದಿತ್ತು?

ಉತ್ತರ 400. ಮಗು ಭಾಗಾಕಾರ ಮಾಡಿ ಬರೆಯುತ್ತದೆ, ಮೇಷ್ಟರು ಸರಿ ಗುರುತು ಹಾಕುತ್ತಾರೆ. ಲೆಕ್ಕದಲ್ಲಿ ದ್ವೇಷದ ಪದ ಒಂದೂ ಇಲ್ಲ, ರೋಗಿಗಳನ್ನು ಏನು ಮಾಡಬೇಕೆಂದು ಕೇಳಿಯೂ ಇಲ್ಲ. ಆಸ್ಪತ್ರೆ ಮತ್ತು ಮನೆ ಒಂದೇ ತಕ್ಕಡಿಯ ಎರಡು ತಟ್ಟೆ ಎನ್ನುವುದನ್ನು ಮಾತ್ರ ಪ್ರಶ್ನೆಯೊಳಗೆ ಮೊದಲೇ ಇಟ್ಟಿದ್ದಾರೆ. ಉತ್ತರ ಸರಿ ಬಂದರೆ ಆ ತಕ್ಕಡಿಯನ್ನೂ ಒಪ್ಪಿದಂತೆ. ಭಾಷಣಕ್ಕೆ ಎದುರು ಮಾತಾಡಬಹುದು, ಭಾಗಾಕಾರಕ್ಕೆ ಏನು ಎದುರಾಡುವುದು?

ಆ ಲೆಕ್ಕ ಪುಸ್ತಕದಲ್ಲೇ ಉಳಿಯಲಿಲ್ಲ. 1940ರ ಜನವರಿಯಿಂದ 1941ರ ಆಗಸ್ಟ್‌ವರೆಗೆ ಆರು ಕೇಂದ್ರಗಳಲ್ಲಿ ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ಕಾರ್ಬನ್ ಮೋನಾಕ್ಸೈಡ್ ಹಾಯಿಸಿ ಕೊಂದರು. ಯುದ್ಧ ಮುಗಿದ ಮೇಲೆ ಆಸ್ಟ್ರಿಯಾದ ಲಿಂಟ್ಸ್ ಹತ್ತಿರದ ಹಾರ್ಟ್‌ಹೈಮ್ ಕೋಟೆಯಲ್ಲಿ ಅದರ ಅಂಕಿಅಂಶದ ಪುಸ್ತಿಕೆ ಸಿಕ್ಕಿತು. ಕೊಂದವರ ಸಂಖ್ಯೆ 70,273 ಎಂದು ಬರೆದು, ಇಷ್ಟು ಜನ ಇನ್ನು ಹತ್ತು ವರ್ಷ ಬದುಕಿದ್ದರೆ ಎಷ್ಟು ಬ್ರೆಡ್ಡು, ಎಷ್ಟು ಆಲೂಗಡ್ಡೆ, ಎಷ್ಟು ಜಾಮ್ ತಿನ್ನುತ್ತಿದ್ದರು ಎಂದು ಬಾಬುವಾರು ಲೆಕ್ಕ ಹಾಕಿ, 14 ಕೋಟಿ ಮಾರ್ಕ್‌ಗೂ ಹೆಚ್ಚು ಉಳಿತಾಯವಾಯಿತು ಎಂದು ಮೊತ್ತ ಎಳೆದಿದ್ದರು. ಶಾಲೆಯ ಲೆಕ್ಕವೂ ಇದೂ ಒಂದೇ ಧಾಟಿಯವು.

ಇದಕ್ಕೆ ಎದುರು ನಿಂತವರೂ ಇದ್ದರು, ಅದರಿಂದ ಫಲವೂ ಸಿಕ್ಕಿತು. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರ್‌ನ ಬಿಷಪ್ ಗಾಲೆನ್ ಪೀಠದಿಂದಲೇ ಈ ಕೊಲೆಗಳನ್ನು ಕೊಲೆಯೆಂದು ಕರೆದ. ಪ್ರವಚನದ ಪ್ರತಿಗಳು ಕೈಯಿಂದ ಕೈಗೆ ಹೋದವು. ಆಗಸ್ಟ್ 24ರಂದು ಅನಿಲದ ಕೊಲೆ ನಿಲ್ಲಿಸಲು ಹಿಟ್ಲರ್ ಹೇಳಿದ. ಆಸ್ಪತ್ರೆಗಳಲ್ಲಿ ಹಸಿವಿನಿಂದ, ಔಷಧಿಯಿಂದ ಸದ್ದಿಲ್ಲದೆ ಕೊಲ್ಲುವುದು ಮಾತ್ರ ಮುಂದುವರಿಯಿತು. ಅದೇ ವರ್ಷ ಬವೇರಿಯಾದಲ್ಲಿ ಶಾಲೆಗಳಿಂದ ಶಿಲುಬೆ ತೆಗೆಯುವ ಆದೇಶ ಬಂದಾಗ ತಾಯಂದಿರು ಗುಂಪುಗೂಡಿ ಜಗಳಕ್ಕೆ ನಿಂತರು, ಆದೇಶ ವಾಪಸಾಯಿತು. ಯುದ್ಧದ ನಡುವೆ, ರಹಸ್ಯ ಪೊಲೀಸ್ ಪಡೆ ಗೆಸ್ಟಾಪೊ ಇದ್ದ ಕಾಲದಲ್ಲಿ. ಶಿಲುಬೆಗಾಗಿ ಬೀದಿಗಿಳಿದ ಊರುಗಳಲ್ಲಿ ಯೆಹೂದಿ ನೆರೆಮನೆಯವರಿಗಾಗಿ ಅಂಥ ಗುಂಪು ಸೇರಲಿಲ್ಲ. ಈ ವ್ಯತ್ಯಾಸವನ್ನು ಕೇವಲ ಭಯದಿಂದ ವಿವರಿಸಲಾಗದು. ಅಷ್ಟು ಹೊತ್ತಿಗೆ ಯಾರ ನೋವು ನಮ್ಮದು, ಯಾರದ್ದು ನಮ್ಮದಲ್ಲ ಎನ್ನುವ ಗೆರೆ ಎಂಟು ವರ್ಷದ ಸಣ್ಣಪುಟ್ಟ ಕೆಲಸಗಳಿಂದ ಎಳೆದಾಗಿತ್ತು.

ಗೆಸ್ಟಾಪೊ ಎಲ್ಲೆಲ್ಲೂ ಇತ್ತು ಎಂಬ ನಂಬಿಕೆಯೂ ಅದರದ್ದೇ ಪ್ರಚಾರದ ಫಲ. ಇಡೀ ಸಂಸ್ಥೆ ಅತಿ ದೊಡ್ಡದಾಗಿದ್ದಾಗಲೂ, ಆಕ್ರಮಿತ ದೇಶಗಳನ್ನೂ ಸೇರಿಸಿ, ಸಿಬ್ಬಂದಿ ಸುಮಾರು 32,000. ಕೋಟಿಗಟ್ಟಲೆ ಜನರ ಮೇಲೆ ಇಷ್ಟು ಮಂದಿ ಕಣ್ಣಿಡಲು ಸಾಧ್ಯವಿಲ್ಲ. ವ್ಯೂರ್ಟ್ಸ್‌ಬುರ್ಗ್ ಮತ್ತು ಡ್ಯುಸೆಲ್‌ಡಾರ್ಫ್‌ನಲ್ಲಿ ನಾಶವಾಗದೆ ಉಳಿದ ಕಡತಗಳನ್ನು ಇತಿಹಾಸಕಾರರು ಓದಿದಾಗ ಕಂಡದ್ದು, ಎಷ್ಟೋ ಪ್ರಕರಣಗಳು ಶುರುವಾದದ್ದು ಸಾಮಾನ್ಯ ಜನರ ಚಾಡಿಯಿಂದ. ಬಾಡಿಗೆ ಜಗಳ, ಗಂಡ ಹೆಂಡಿರ ಮುನಿಸು, ಅಂಗಡಿಗಳ ಪೈಪೋಟಿ, ಎಲ್ಲಕ್ಕೂ ಈಗ ಒಂದು ಹೊಸ ಆಯುಧ ಸಿಕ್ಕಿತ್ತು. 1934ರ ಡಿಸೆಂಬರ್ 20ರ ಕಾಯ್ದೆಯ ಪ್ರಕಾರ ಸರ್ಕಾರದ ಬಗ್ಗೆ ಕೆಟ್ಟ ಮಾತಾಡುವುದೇ ಅಪರಾಧವಾದ್ದರಿಂದ ಸಾಕ್ಷಿಗೆ ಬೇಕಿದ್ದದ್ದು ಒಂದು ಕಿವಿ.

ಬರ್ಲಿನ್‌ನ ವೆಡ್ಡಿಂಗ್ ಬಡಾವಣೆಯ ಕಾರ್ಖಾನೆ ಕೆಲಸಗಾರ ಓಟೊ ಹಾಂಪೆಲ್ ಮತ್ತು ಅವನ ಹೆಂಡತಿ ಎಲಿಸೆಯ ಕಥೆಯನ್ನು ರೊಸ್ಟೊಕ್‌ನ ಕಾರ್ಡಿನ ಪಕ್ಕದಲ್ಲಿಟ್ಟು ನೋಡಬೇಕು. 1940ರಲ್ಲಿ ಎಲಿಸೆಯ ಸಹೋದರ ಫ್ರಾನ್ಸ್‌ನಲ್ಲಿ ಯುದ್ಧದಲ್ಲಿ ಸತ್ತ. ಅಲ್ಲಿಂದ ಎರಡು ವರ್ಷ ಈ ದಂಪತಿ ಕೈಬರಹದಲ್ಲಿ ಕಾರ್ಡು ಬರೆದು ಮೆಟ್ಟಿಲಸಾಲುಗಳಲ್ಲಿ, ಅಂಚೆಪೆಟ್ಟಿಗೆಗಳಲ್ಲಿ ಇಟ್ಟು ಬರುತ್ತಿದ್ದರು. ಸೇನೆಗೆ ಸೇರಬೇಡಿ, ನಿಧಿಗೆ ಕಾಸು ಕೊಡಬೇಡಿ, ಹಿಟ್ಲರನನ್ನು ಕಿತ್ತೊಗೆಯಿರಿ. ಕೈ ಕೊಡಬೇಡಿ ಎನ್ನುವುದೇ ಕಾರ್ಡುಗಳ ಒಟ್ಟು ಮಾತು. ದೊಡ್ಡ ಓದಿಲ್ಲದ ಈ ಇಬ್ಬರಿಗೆ ವ್ಯವಸ್ಥೆ ಎಲ್ಲಿ ನಿಂತಿದೆ ಎನ್ನುವುದು ಸರಿಯಾಗಿ ಕಂಡಿತ್ತು. 200ಕ್ಕೂ ಹೆಚ್ಚು ಕಾರ್ಡು ಬರೆದರು. ಅವುಗಳಲ್ಲಿ ಬಹುಪಾಲನ್ನು ಸಿಕ್ಕವರು ತಾವೇ ತೆಗೆದುಕೊಂಡು ಹೋಗಿ ಪೊಲೀಸರ ಕೈಗಿಟ್ಟರು. 1943ರ ಏಪ್ರಿಲ್ 8ರಂದು ಪ್ಲೋಟ್ಸೆನ್‌ಸೇ ಜೈಲಿನಲ್ಲಿ ಇಬ್ಬರ ತಲೆ ಕಡಿದರು. ಕಾರ್ಡು ತಂದುಕೊಟ್ಟವರೆಲ್ಲ ಕಟ್ಟಾ ನಾಜಿಗಳಾಗಿರಬೇಕಿಲ್ಲ. ಇಟ್ಟುಕೊಂಡರೆ ತಮ್ಮ ಮೇಲೆ ಬರುತ್ತದೆ ಎಂಬ ಹೆದರಿಕೆ ಸಾಕು. 1933ರಲ್ಲಿ ಕೇಳದೆ ಬರೆದ ಕಾರ್ಡು ಇಲಾಖೆಯ ಮೇಜುಗಳನ್ನು ದಾಟಿ ಮೇಲೆ ಹೋಯಿತು, ಇವುಗಳಲ್ಲಿ ಬಹುಪಾಲು ಒಂದು ಮನೆಯ ಬಾಗಿಲನ್ನೂ ದಾಟಲಿಲ್ಲ.

ಪ್ರಚಾರ ಮುಗ್ಗರಿಸಿದ್ದು ಮುಖ್ಯವಾಗಿ ಒಂದೇ ಕಾರಣಕ್ಕೆ: ಜನ ಕಣ್ಣಾರೆ ಕಾಣುವ ಸಂಗತಿಗಿಂತ ಮುಂದೆ ಓಡಿದಾಗ. 1941ರ ಅಕ್ಟೋಬರ್ 9ರಂದು ಸರ್ಕಾರದ ಪತ್ರಿಕಾ ಮುಖ್ಯಸ್ಥ ಓಟೊ ಡೀಟ್ರಿಕ್ ರಷ್ಯಾದ ಯುದ್ಧ ತೀರ್ಮಾನವಾಯಿತು ಎಂದು ಸಾರಿದ. ಎರಡು ತಿಂಗಳಲ್ಲಿ ಮಾಸ್ಕೋ ಮುಂದೆ ಸೇನೆ ಹಿಮ್ಮೆಟ್ಟಿತು, ಸೈನಿಕರ ಕಾಗದಗಳು ಮನೆಗೆ ಬಂದವು. 1943ರ ಫೆಬ್ರವರಿಯಲ್ಲಿ ಸ್ಟಾಲಿನ್‌ಗ್ರಾಡ್‌ನಲ್ಲಿ ಸೇನೆ ಸೋತ ಮೇಲೆ ಅಧಿಕೃತ ಸುದ್ದಿಯ ಮೇಲಿನ ನಂಬಿಕೆ ಮತ್ತೆ ಮೊದಲಿನಂತಾಗಲಿಲ್ಲ. ಆದರೂ ವ್ಯವಸ್ಥೆ ಇನ್ನೂ ಎರಡು ವರ್ಷ ನಡೆಯಿತು. ನಂಬಿಕೆ ಸತ್ತರೂ ಕೈಗಳು ತಮ್ಮ ಕೆಲಸ ನಿಲ್ಲಿಸಲಿಲ್ಲ ಎನ್ನುವುದು ನನ್ನನ್ನು ಇವತ್ತಿಗೂ ಕಾಡುವ ಸಂಗತಿ. ರೈಲು ವೇಳಾಪಟ್ಟಿ ತಯಾರಾಯಿತು, ಗಡೀಪಾರಾದ ಯೆಹೂದಿಗಳ ಮನೆಯ ಕುರ್ಚಿ, ಮಂಚ, ಹೊದಿಕೆ ಹರಾಜಾದವು, ಜನ ಕೊಂಡರು.

ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಯ ಆಡಳಿತದಲ್ಲಿದ್ದ ವಲಯದಲ್ಲಿ ಜನರ ನಾಜಿ ನಂಟನ್ನು ಪರೀಕ್ಷಿಸಲು 131 ಪ್ರಶ್ನೆಗಳ ಫಾರಂ ತಂದರು. ಜನ ಮತ್ತೆ ಪಾದ್ರಿಯ ಹತ್ತಿರ, ನೆರೆಯವರ ಹತ್ತಿರ ಹೋಗಿ ಒಳ್ಳೆಯ ನಡತೆಯ ಪತ್ರ ಬರೆಸಿಕೊಂಡು ಬಂದರು. ಅದೇ ವಲಯದಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ನಾಜಿ ಸಿದ್ಧಾಂತ ಒಳ್ಳೆಯದೇ, ಜಾರಿಗೆ ತಂದ ರೀತಿ ಕೆಟ್ಟದಾಯಿತು ಎಂದು ಉತ್ತರಿಸಿದರು. ಇನ್ನೂ ಆಚೆ ಹೋದರೆ, 1996 ಮತ್ತು 2006ರ ಸಮೀಕ್ಷೆಗಳನ್ನು ಹುಟ್ಟಿದ ವರ್ಷದ ಪ್ರಕಾರ ವಿಂಗಡಿಸಿ ನೋಡಿದಾಗ 1930ರ ದಶಕದಲ್ಲಿ ಹುಟ್ಟಿದವರಲ್ಲಿ, ಅಂದರೆ ನಾಜಿ ಶಾಲೆಯಲ್ಲಿ ಕಲಿತವರಲ್ಲಿ, ಯೆಹೂದಿ ದ್ವೇಷ ಎದ್ದು ಕಾಣುವಷ್ಟು ಹೆಚ್ಚಿತ್ತು. ಅವರಿಗೆ ಆಗ ಅರವತ್ತು ಎಪ್ಪತ್ತು ವರ್ಷ.

ಟೆಲಿಫೋನ್ ಪಟ್ಟಿಯನ್ನೂ ತಿದ್ದಿದರು. ಪಶ್ಚಿಮ ಜರ್ಮನಿಯಲ್ಲಿ ಸಾಮ್ಯುಯೆಲ್ ಮತ್ತು ಜಕಾರಿಯಾಸ್ ಅಧಿಕೃತವಾಗಿ ವಾಪಸು ಬಂದರು. ಫೋನಿನಲ್ಲಿ ಮಾತಾಡುವ ಜನರ ಬಾಯಲ್ಲಿ ಸೀಗ್‌ಫ್ರೀಡ್ ಮತ್ತು ಜೆಪೆಲಿನ್ ಹಾಗೇ ಉಳಿದವು. ಡೇವಿಡ್ ಮತ್ತು ನಾಥಾನ್ ಪಟ್ಟಿಗೂ ಬರಲಿಲ್ಲ. ಎಷ್ಟೋ ಜನಕ್ಕೆ ನಾರ್ಡ್‌ಪೋಲ್ ಎಲ್ಲಿಂದ ಬಂತು ಎನ್ನುವುದೇ ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ವಿಮಾನದ ಟಿಕೆಟ್ ಕಾಯ್ದಿರಿಸುವಾಗ ‘ಎನ್ ಅಂದರೆ ನಾರ್ಡ್‌ಪೋಲ್’ ಎಂದು ಹೇಳುತ್ತ ಬಂದರು. 2022ರಲ್ಲಿ ಜರ್ಮನಿಯ ಮಾನಕ ಸಂಸ್ಥೆ ಹೊಸ ಪಟ್ಟಿ ಹೊರಡಿಸಿತು. ವ್ಯಕ್ತಿಗಳ ಹೆಸರು ಬಿಟ್ಟು ಊರುಗಳ ಹೆಸರು ಹಾಕಿದ್ದಾರೆ. ಈಗ ‘ಡಿ’ಗೆ ಡ್ಯುಸೆಲ್‌ಡಾರ್ಫ್, ‘ಎನ್’ಗೆ ನ್ಯೂರೆಂಬರ್ಗ್, ‘ಆರ್’ಗೆ ರೊಸ್ಟೊಕ್.